ಐದನೆಯ ಚೀಟಿ

೨೨ ಆಗಸ್ಟ್ ೨೦೨೫, ಶುಕ್ರವಾರ

ರಾಬರ್ಟ್‌ಸನ್‌ಪೇಟೆಯ ಡಾಕ್ಟರಮ್ಮ ಹೇಳಿದ್ದು ಇಷ್ಟು: "ಬಿ.ಪಿ. ಜಾಸ್ತಿ ಇದೆ ಶಶಿರೇಖಮ್ಮ, ಕೋಪ ಬಂದಾಗ ಕೂಗಾಡಬೇಡಿ, ಒಂದು ಪುಸ್ತಕದಲ್ಲಿ ಬರೆದುಬಿಡಿ." ಐವತ್ತು ವರ್ಷ ಕೂಗಾಡಿಕೊಂಡೇ ಬದುಕಿದವಳು ನಾನು. ಗೊಬ್ಬರದ ಅಂಗಡಿಯವರು ಕೊಟ್ಟ ಡೈರಿ ಜನವರಿಯಿಂದ ಬೀರುವಿನಲ್ಲಿ ಬಿದ್ದಿತ್ತು. ಇವತ್ತು ತೆಗೆದೆ. ಕೋಪ ಬಂದಿದೆ, ಬರೆಯುತ್ತೇನೆ.

ಇವತ್ತು ಕರುವಿನ ಚೀಟಿ ಎತ್ತುವ ದಿನ. ನಾನು, ಚಿಕ್ಕವೆಂಕಟಮ್ಮ, ಕದಿರಮ್ಮ, ಸುಮಿತಾ, ನಾಲ್ಕು ಜನ ಹೋದ ವರ್ಷ ಫೆಬ್ರವರಿಯಲ್ಲಿ ಸಮಸಮ ಹಾಕಿ ಬೇತಮಂಗಲದ ಕಡೆಯಿಂದ ಒಂದು ಸೀಮೆಹಸು ತಂದೆವು. ಒಬ್ಬೊಬ್ಬರ ಕೈಯಲ್ಲಿ ಆಗದ್ದು ನಾಲ್ವರು ಸೇರಿದ್ದಕ್ಕೆ ಆಯಿತು. ನಿಯಮ ಮಾಡಿದ್ದೂ ನಾನೇ. ಹಾಲು ಡೈರಿಗೆ, ಬಂದ ದುಡ್ಡು ಬೂಸಾ ಹಿಂಡಿ ವಿಮೆಗೆ, ಮಿಕ್ಕಿದ್ದು ನಾಲ್ವರ ಸಂಘದ ಖಾತೆಗೆ, ಯಾರೂ ಮುಟ್ಟುವ ಹಾಗಿಲ್ಲ. ಹೆಣ್ಣುಕರು ಹುಟ್ಟಿದರೆ ಚೀಟಿ ಎತ್ತಿ ಒಬ್ಬರಿಗೆ. ಮುಂದಿನದು ಮಿಕ್ಕವರಲ್ಲಿ ಒಬ್ಬರಿಗೆ. ಹೀಗೆ ಒಂದು ಹಸುವಿನಿಂದ ನಾಲ್ಕು ಮನೆಗೂ ಒಂದೊಂದು ಹಸು. ಇಷ್ಟು ಸುಲಭದ ಮಾತು.

ಜುಲೈ ಮೊದಲ ವಾರ ಹೆಣ್ಣುಕರುವೇ ಹುಟ್ಟಿತು. ಹಣೆಯಲ್ಲಿ ಬಿಳಿ ಚುಕ್ಕೆ. ಮೊದಲ ಕರು ನನ್ನ ಮನೆಗೆ ಬರಲಿ ಎಂದು ಮುಳಬಾಗಿಲು ಆಂಜನೇಯನಿಗೆ ಹರಕೆ ಹೊತ್ತಿದ್ದೆ. ಬೆಳಿಗ್ಗೆ ಒಂಬತ್ತಕ್ಕೆ ನಮ್ಮ ಜಗಲಿ ಮೇಲೆ ಎಲ್ಲರೂ ಸೇರಿದರು. ಸುಮಿತಾ ನಾಲ್ಕು ಚೀಟಿ ಬರೆದು ಮಡಚಿ ಚೊಂಬಿಗೆ ಹಾಕಿದಳು. ಆಗ ಬಂದಳು ಮಹಾತಾಯಿ ಮುತ್ಯಾಲಮ್ಮ.

ಅವಳು ಊರ ಕೊನೆಯ ಮನೆಯವಳು, ಕೂಲಿ ಹೆಂಗಸು. ಅವಳ ಕೊಟ್ಟಿಗೆ ಖಾಲಿ ಇತ್ತು. ನಮ್ಮ ನಾಲ್ವರ ಮನೆಯಲ್ಲೂ ಅಂಗಳಕ್ಕೆ ಸಿಮೆಂಟು ಬಂದು ಹಸು ಕಟ್ಟುವ ಜಾಗ ಹೋಗಿತ್ತು. ಅದಕ್ಕೇ ಹಸುವನ್ನು ಅಲ್ಲಿ ಕಟ್ಟಿದ್ದು. ಅವಳು ನೋಡಿಕೊಳ್ಳುತ್ತಾಳೆ, ಹಾಲು ಕರೆದು ಡೈರಿಗೆ ಹಾಕುತ್ತಾಳೆ. ಅಷ್ಟೇ ಅವಳ ಸಂಬಂಧ. ಒಂದು ಪೈಸೆ ಹಾಕಿಲ್ಲ. ಇವತ್ತು ಕರುವಿಗೆ ಮೈ ತೊಳೆದು, ಕೊರಳಿಗೆ ಹೊಸ ದಾರ ಕಟ್ಟಿ, ತಾನೂ ಒಗೆದ ಸೀರೆ ಉಟ್ಟು ಬಂದು ಚೊಂಬಿನೊಳಗೆ ಇಣುಕಿದಳು.

"ಚೀಟಿ ನಾಕೇ ಅವಲ್ಲಕ್ಕ. ನಂದೆಲ್ಲಿ?"

"ನಿಂದ್ಯಾವ ಚೀಟಿ?" ಅಂದೆ.

"ನೀನೇ ಅಂದಿದ್ದಲ್ಲಕ್ಕ, ನೀಕೂ ಪಾಲು ಇಸ್ತಾಮು ಅಂತ."

ನಿನಗೂ ಪಾಲು ಕೊಡುತ್ತೇವೆ ಎಂದು, ತೆಲುಗಿನಲ್ಲಿ. ಕದಿರಮ್ಮ ಕಿಸಕ್ಕನೆ ನಕ್ಕಳು. ನನಗೆ ನೆತ್ತಿ ಕಾದುಹೋಯಿತು. "ನಾಚ್ಕೆ ಇಲ್ವೇನೇ ನಿಂಗೆ? ಒಂದು ಕಾಸು ಬಿಚ್ದೋಳಲ್ಲ, ಕರ ಕೇಳಾಕ್ ಬಂದ್ಬುಟ್ಲು" ಅಂದೆ. ಇನ್ನೂ ಏನೇನೋ ಅಂದೆ, ಅದನ್ನೆಲ್ಲ ಬರೆದರೆ ಪುಸ್ತಕ ಸಾಲದು. ಅವಳು ಕೂಗಲಿಲ್ಲ. ಕರುವಿನ ಹಗ್ಗ ಎರಡು ಸುತ್ತು ಮುಂಗೈಗೆ ಸುತ್ತಿಕೊಂಡಳು.

"ನನ್ ಚೀಟಿ ಬರಿಯೋಗಂಟ ಕರ ಬಿಡಾಕಿಲ್ಲ" ಅಂದವಳೇ ಎಳೆದುಕೊಂಡು ಹೊರಟೇಹೋದಳು. ನಾಲ್ಕು ಜನ ಹೆಂಗಸರು ಬಾಯಿ ಬಿಟ್ಟುಕೊಂಡು ನಿಂತಿದ್ದೆವು.

೨೩ ಆಗಸ್ಟ್, ಶನಿವಾರ

ನಿದ್ದೆ ಇಲ್ಲದೆ ತಲೆ ಸಿಡಿಯುತ್ತಿದೆ. ನ್ಯಾಯ ಯಾರ ಕಡೆ ಎಂದು ಇಲ್ಲೇ ಬರೆದಿಡುತ್ತೇನೆ.

ನಮ್ಮ ಮನೆಮಾತು ತೆಲುಗು, ಶಾಲೆ ಕಲಿತದ್ದು ಕನ್ನಡ. ಈ ಕಡೆ ಅರ್ಧ ಜನ ಹೀಗೆಯೇ. ಕೂಲಿಯವರ ಜೊತೆ ನಾನು ತೆಲುಗಿನಲ್ಲೇ ಮಾತಾಡುವುದು. ಹಸು ತರುವುದಕ್ಕೆ ಮುಂಚೆ ಒಂದು ದಿನ ಮುತ್ಯಾಲಮ್ಮನ ಕೊಟ್ಟಿಗೆ ನೋಡಲು ನಾನೂ ಸುಮಿತಾಳೂ ಹೋಗಿದ್ದೆವು. ಸುಮ್ಮನೆ ಯಾರು ದುಡಿಯುತ್ತಾರೆ? ದಿನಾ ಅರ್ಧ ಲೀಟರ್ ಹಾಲು ಮನೆಗೆ ಇಟ್ಟುಕೊಳ್ಳಲಿ ಎಂದು "ನೀಕೂ ಪಾಲು ಇಸ್ತಾಮುಲೇ" ಅಂದೆ. ತೆಲುಗಿನಲ್ಲಿ ಹಾಲಿಗೂ ಪಾಲು ಅನ್ನುತ್ತಾರೆ, ಪಾಲಿಗೂ ಪಾಲು ಅನ್ನುತ್ತಾರೆ. ನಾನು ಅಂದದ್ದು ಹಾಲು. ಅವಳು ತಲೆ ಆಡಿಸಿದಳು. ಅಷ್ಟೇ ನಡೆದದ್ದು. ಈಗ ಕರು ಕಣ್ಣಿಗೆ ಬಿದ್ದಮೇಲೆ ಹಾಲು ಪಾಲಾಗಿಬಿಟ್ಟಿದೆ.

ಸಾಕ್ಷಿಯೂ ಇದೆ. ಸುಮಿತಾಳನ್ನು ಕೇಳಿದೆ. ಅವಳು ನಂದಿದುರ್ಗ ಚಿನ್ನದ ಗಣಿಯ ಕಾರ್ಮಿಕರ ಲೈನಿನಲ್ಲಿ ಹುಟ್ಟಿ ಬೆಳೆದವಳು, ತಮಿಳಿನ ಹುಡುಗಿ, ಈ ಊರಿಗೆ ಸೊಸೆಯಾಗಿ ಬಂದು ಆರು ವರ್ಷ. ಸುಳ್ಳು ಹೇಳುವವಳಲ್ಲ.

"ನಾನೇ ಕೇಳ್ದೆ ಅಕ್ಕಾ. ಪಾಲು ಕೊಡ್ತೀವಿ ಅಂದ್ರಿ. ಪಾಲುನ್ನಾ ಹಾಲು ತಾನೇ?" ಅಂದಳು.

ಇನ್ನೇನು ಬೇಕು? ನನ್ನ ಯಜಮಾನರು ಕೋದಂಡಪ್ಪನವರು ಶನಿವಾರವೂ ರೈಲು ಹಿಡಿಯಬೇಕು. ಬಂಗಾರಪೇಟೆಯಿಂದ ವೈಟ್‌ಫೀಲ್ಡಿಗೆ, ಒಂದು ಕಾರ್ಖಾನೆಯ ಗೇಟು ಕಾಯುವ ಕೆಲಸ. ಶರ್ಟು ಹಾಕಿಕೊಳ್ಳುತ್ತಾ "ಒಂದ್ ಚೀಟಿ ತಾನೇ, ಬರ್ದಾಕ್ಬುಡಿ ಅತ್ಲಾಗೆ" ಅಂದರು. ಟಿಫನ್ ಬಾಕ್ಸು ಕುಕ್ಕಿ ಕೊಟ್ಟು ಕಳಿಸಿದೆ.

೨೫ ಆಗಸ್ಟ್, ಸೋಮವಾರ

ಹಾಲಿನ ಡೈರಿ ಮುಂದೆ ಪಂಚಾಯ್ತಿ ಆಯಿತು. ನಾಳೆ ಗೌರಿ ಹಬ್ಬ, ಊರೆಲ್ಲ ಹೂವು ಹಣ್ಣು ಅಂತ ಓಡಾಡುತ್ತಿದ್ದರೆ ನಾವು ಜಗಳಕ್ಕೆ ನಿಂತಿದ್ದೆವು. ಸುಮಿತಾ ಎಲ್ಲರೆದುರಿಗೆ ಸಾಕ್ಷಿ ಹೇಳಿದಳು. ಮುತ್ಯಾಲಮ್ಮ ಅವಳನ್ನು ಬಯ್ಯಲಿಲ್ಲ. ನನ್ನನ್ನೇ ನೋಡಿ ಕೇಳಿದಳು: "ನೀನೇ ಏಳಕ್ಕ. ನೀನ್ ಅಂದಿದ್ದು ಯಾವ್ದು?"

"ಹಾಲು" ಅಂದೆ. ಗಟ್ಟಿಯಾಗಿಯೇ ಅಂದೆ.

ಅವಳು "ಸರಿ, ಅಂಗಾದ್ರೆ ನಿಮ್ಮಸು ನೀವು ಒಡ್ಕೊಂಡೋಗಿ" ಅಂದಳು.

ಅವಳ ಕೊಟ್ಟಿಗೆಗೆ ಹೋಗಿ ಕದಿರಮ್ಮ ಹಗ್ಗ ಹಿಡಿಯಲು ನೋಡಿದರೆ ಹಸು ಕೊಂಬು ಬೀಸಿತು. ಕೊನೆಗೆ ಮುತ್ಯಾಲಮ್ಮನೇ ಹಸು, ಕರು ಎರಡನ್ನೂ ಬಿಚ್ಚಿ ನಮ್ಮ ಮನೆ ತನಕ ತಂದು ಕಟ್ಟಿದಳು. ಮೋಟಾರ್ ಬೈಕು ನಿಲ್ಲಿಸುವ ಜಾಗದಲ್ಲಿ ತಗಡು ಹೊದಿಸಿ ಸದ್ಯಕ್ಕೆ ನೆರಳು ಮಾಡಿದ್ದೇವೆ. ಹೋಗುವಾಗ ಹಸುವಿನ ಕಿವಿ ಹತ್ತಿರ ಏನೋ ಗೊಣಗಿ, ನನ್ನ ಕಡೆ ತಿರುಗಿ "ಇದ್ಕೆ ತೆಲುಗೇ ತಿಳಿಯಾದು, ನೆಪ್ಪಿರ್ಲಿ" ಅಂದಳು. ಎಷ್ಟು ಕೊಬ್ಬು ನೋಡಿ! ನನಗೆ ತೆಲುಗು ಕಲಿಸಲು ಬಂದಿದ್ದಾಳೆ.

ಗೆದ್ದೆ. ಆದರೂ ರಾತ್ರಿ ಊಟ ಸೇರಲಿಲ್ಲ. ಬಿ.ಪಿ. ಇರಬೇಕು.

೨೮ ಆಗಸ್ಟ್, ಗುರುವಾರ

ಈ ಹಸುವಿಗೆ ನನ್ನ ಮೇಲೆ ಏನು ದ್ವೇಷವೋ. ನಿನ್ನೆ ಗಣೇಶನಿಗೆ ಕಡುಬು ಮಾಡಿದ ಕೈಯಲ್ಲೇ ಕೆಚ್ಚಲು ಮುಟ್ಟಿದೆ, ಬಕೆಟ್ಟು ಒದೆಯಿತು. ಹಾಲೆಲ್ಲ ಸಿಮೆಂಟಿನ ಮೇಲೆ. ಇವತ್ತು ಕಾಲು ಕಟ್ಟಿ ಕರೆದೆ, ನಾಲ್ಕು ಲೀಟರ್ ಕೊಟ್ಟು ಮಿಕ್ಕಿದ್ದನ್ನು ಒಳಗೇ ಇಟ್ಟುಕೊಂಡಿತು. ಮುತ್ಯಾಲಮ್ಮ ಬೆಳಿಗ್ಗೆ ಹೊತ್ತು ಡೈರಿಗೆ ಏಳು ಲೀಟರ್ ಹಾಕುತ್ತಿದ್ದಳಂತೆ.

ಗಂಜಲ, ಸಗಣಿ, ಸೊಳ್ಳೆ. ನಾಲ್ಕೂವರೆಗೆ ಏಳಬೇಕು. ಹುಲ್ಲು ತರಬೇಕು, ಚಿಕ್ಕದಾಗಿ ಕತ್ತರಿಸಬೇಕು, ಇಲ್ಲದಿದ್ದರೆ ಈ ಹಸು ರಾಣಿಯಮ್ಮ ಮೂಸುವುದೂ ಇಲ್ಲ. ಸೊಂಟ ಬಿದ್ದುಹೋಯಿತು. ಕದಿರಮ್ಮನನ್ನು ಒಂದು ದಿನ ಬಾ ಅಂದರೆ ಮಗಳ ಸೀಮಂತವಂತೆ. ಚಿಕ್ಕವೆಂಕಟಮ್ಮನಿಗೆ ಎಪ್ಪತ್ತು ದಾಟಿದೆ. ಸುಮಿತಾಗೆ ಹಸು ಕಂಡರೆ ಭಯ. ಗಣಿ ಕಾಲೊನಿಯವಳು, ಹಾಲು ಪ್ಯಾಕೆಟ್ಟಿನಲ್ಲಿ ಹುಟ್ಟುತ್ತದೆ ಅಂದುಕೊಂಡು ಬೆಳೆದವಳು. ಬಂಡವಾಳ ನಾಲ್ವರದು, ಸಗಣಿ ನನ್ನೊಬ್ಬಳದು.

೩೧ ಆಗಸ್ಟ್, ಭಾನುವಾರ

ಬೆಳಿಗ್ಗೆ ಸಾಕಾಗಿ, ಯಾರೂ ಇಲ್ಲದ್ದು ನೋಡಿಕೊಂಡು, "ರಾ ತಲ್ಲೀ, ರಾಮ್ಮಾ" ಎಂದು ತೆಲುಗಿನಲ್ಲಿ, ಬಾ ತಾಯಿ ಅಂತ ಕರೆದು ಬೆನ್ನು ಸವರಿದೆ. ಹಾಳಾದ್ದು ಕಿವಿ ಅಲ್ಲಾಡಿಸಿ ಸೊರ ಬಿಟ್ಟು ಹಾಲಿಳಿಸಿತು. ಐದೂವರೆ ಲೀಟರ್. ಯಾರಿಗೂ ಹೇಳಿಲ್ಲ.

ಸಂಜೆ ಹುಲ್ಲು ಹೊತ್ತು ಬರುವಾಗ ದಾರಿಯಲ್ಲಿ ಮುತ್ಯಾಲಮ್ಮ ಎದುರಾದಳು. ಟೊಮೆಟೊ ಬಿಡಿಸುವ ಕೂಲಿ ಮುಗಿಸಿ ಬರುತ್ತಿದ್ದಳು. ನನ್ನ ಹೊರೆ ನೋಡಿ ಹಾಗೇ ಮುಂದೆ ಹೋದಳು. ಹೊರೆ ಸಡಿಲವಾಗಿ ಕಟ್ಟಿದ್ದೆ, ಮನೆ ಮುಟ್ಟುವಷ್ಟರಲ್ಲಿ ಅರ್ಧ ಹುಲ್ಲು ದಾರಿಯಲ್ಲೇ ಬಿದ್ದಿತ್ತು. ಖಂಡಿತ ನಗುತ್ತಿದ್ದಿರಬೇಕು.

೩ ಸೆಪ್ಟೆಂಬರ್, ಬುಧವಾರ

ಇವತ್ತು ಏಳು ಲೀಟರ್. ಒಂದು ತೊಟ್ಟು ಮನೆಗಿಟ್ಟುಕೊಳ್ಳದೆ ಹಾಗೇ ಡೈರಿಗೆ ಹಾಕಿದೆ. ಸೆಕ್ರೆಟರಿ "ಪರ್ವಾಗಿಲ್ಲಮ್ಮ, ಮುತ್ಯಾಲಮ್ಮನ್ ಲೆಕ್ಕಕ್ಕೆ ಬಂದ್ಬುಟ್ರಿ" ಅಂದ.

ಹೆಮ್ಮೆಯಿಂದ ಮನೆಗೆ ಬಂದೆ. ಮುದ್ದೆ ತೊಳಸುವಾಗ ತಲೆಗೆ ಬಂತು. ಅವಳು ಏಳು ಹಾಕುತ್ತಿದ್ದದ್ದು ತನ್ನ ಅರ್ಧ ಲೀಟರ್ ತೆಗೆದಿಟ್ಟುಕೊಂಡಮೇಲೆ. ಹಾಗಾದರೆ ಹಸು ಕೊಡುತ್ತಿದ್ದದ್ದು ಏಳೂವರೆ. ನನಗೆ ಇನ್ನೂ ಅರ್ಧ ಲೀಟರ್ ಕಮ್ಮಿ ಕೊಡುತ್ತಿದೆ. ಪೂರ್ತಿ ಇಳಿಸುವ ತನಕ ಬಿಡುವುದಿಲ್ಲ. ಅವಳ ಕೈಗೆ ಬಂದದ್ದು ನನ್ನ ಕೈಗೆ ಯಾಕೆ ಬರಬಾರದು?

೫ ಸೆಪ್ಟೆಂಬರ್, ಶುಕ್ರವಾರ

ಬೂಸಾ ಹೆಚ್ಚು ಹಾಕಿದೆ. ಕಡಲೆ ಹೊಟ್ಟು ನೆನೆಸಿ ಇಟ್ಟೆ. ಏಳೇ.

೬ ಸೆಪ್ಟೆಂಬರ್, ಶನಿವಾರ

ಏಳು. ಕೆಚ್ಚಲು ಹಿಂಡಿದ ಬಟ್ಟೆಯ ಹಾಗೆ ಬರಿದಾಗಿತ್ತು, ಒಳಗೆ ಏನೂ ಉಳಿದಿರಲಿಲ್ಲ. ಕೋದಂಡಪ್ಪನವರ ಹತ್ತಿರ ಹೇಳಿಕೊಂಡೆ. ಅವರು ಪೇಪರಿನಿಂದ ತಲೆ ಎತ್ತದೆ "ಅಂಗಾದ್ರೆ ಅವ್ಳು ಮನೆಗೆ ಇಟ್ಕೊಂಡೇ ಇಲ್ಲ ಅಂತಾಯ್ತು" ಅಂದರು.

"ಇಟ್ಕೊಳ್ದೆ ಇರ್ತಾಳಾ? ಮನೇಲಿ ಮೊಮ್ಮಗಳು ಬೇರೆ ಅವ್ಳೆ" ಅಂದೆ.

"ನಂಗೇನ್ ಗೊತ್ತು. ಲೆಕ್ಕ ನಿಂದು" ಅಂದರು. ಈ ಮನುಷ್ಯನ ಜೊತೆ ಇಪ್ಪತ್ತೆಂಟು ವರ್ಷ ಹೇಗೆ ಸಂಸಾರ ಮಾಡಿದೆನೋ ದೇವರಿಗೇ ಗೊತ್ತು.

೮ ಸೆಪ್ಟೆಂಬರ್, ಸೋಮವಾರ

ಬೆಳಿಗ್ಗೆ ಎಡಗಡೆಯ ಒಂದು ಮೊಲೆ ಕಲ್ಲಿನಂತೆ ಗಟ್ಟಿಯಾಗಿ, ಮುಟ್ಟಿದರೆ ಸುಡುತ್ತಿತ್ತು. ಕೆಚ್ಚಲು ಬಾವು. ಪಶು ಡಾಕ್ಟರಿಗೆ ಫೋನು ಮಾಡಿದೆ. "ಮಧ್ಯಾಹ್ನ ಬರ್ತೀನಿ, ಅಷ್ಟರಲ್ಲಿ ಆ ಮೊಲೆಯ ಹಾಲನ್ನು ಪೂರ್ತಿ ಹಿಂಡಿ ಚೆಲ್ಲಿ, ಒಳಗೆ ನಿಲ್ಲಬಾರದು" ಅಂದರು. ಹಿಂಡುವುದೆಲ್ಲಿ, ಹತ್ತಿರ ಹೋದರೆ ಒದೆಯುತ್ತದೆ. ನೋವಿಗೆ ಅದರ ಕಣ್ಣಲ್ಲಿ ನೀರು ಸೋರುತ್ತಿತ್ತು. ಕರು ಒಂದೇ ಸಮ ಕೂಗುತ್ತಿತ್ತು. ಒಂದು ಮೊಲೆ ಕೆಟ್ಟರೆ ಹಸು ಕೆಟ್ಟಂತೆ, ನಾಲ್ಕು ಮನೆಯ ಹಸು.

ಹೋದೆ. ಬೇರೆ ದಾರಿ ಇರಲಿಲ್ಲ, ಹೋದೆ.

ಮುತ್ಯಾಲಮ್ಮ ಕೂಲಿಗೆ ಹೊರಡುವುದರಲ್ಲಿದ್ದಳು. ಬಾಗಿಲಲ್ಲಿ ಅವಳ ಮೊಮ್ಮಗಳು, ನಾಲ್ಕು ವರ್ಷದ್ದು, ಲೋಟದಲ್ಲಿ ಬನ್ನು ಅದ್ದಿ ತಿನ್ನುತ್ತಾ ಕೂತಿತ್ತು. ಬಗ್ಗಿ ನೋಡಿದೆ, ಬರೀ ಕಪ್ಪು ಟೀ. ಹಸುವಿನ ವಿಷಯ ಹೇಳಲು ಹೋದವಳು ಅದನ್ನು ಬಿಟ್ಟು ಜಗಳ ತೆಗೆದೆ. ನನ್ನ ಬಾಯಿಯೇ ಅಂಥದ್ದು.

"ಏನೇ ಇದು, ಮಗೂಗೆ ಒಂದ್ ತೊಟ್ಟು ಹಾಲು ಹಾಕ್ಬಾರ್ದಾ? ಇಷ್ಟ್ ದಿನ ತಗೊಂಡ ಹಾಲೆಲ್ಲ ಏನ್ ಮಾರ್ಕೊಂಡ್ಯಾ?"

"ಯಾವಾಲು?" ಅಂದಳು.

"ದಿನಾ ಅರ್ಧ ಲೀಟರ್ ಇಟ್ಕೊಂತಿದ್ದೆಲ್ಲ."

"ನಾನ್ಯಾಕೆ ಇಟ್ಕೊಳ್ಲಕ್ಕ? ಅದು ಸಂಘದ್ ಆಲು. ಮಿಕ್ಕಿದ್ ಯಾರೂ ಮುಟ್ಬಾರ್ದು ಅಂತ ನೀನೇ ರೂಲ್ಸ್ ಮಾಡಿದ್ದಲ್ಲ. ಪಾಲ್ದಾರ್ರು ಕದೀತಾರಾ?" ಮಗುವಿನ ಬಾಯಿ ಒರೆಸಿದಳು. "ಒಂದಿನ ಇದು ಅಟ ಮಾಡ್ತು, ಆಲು ಬೇಕೂಂತ. ಒಂದೇಟು ಕೊಟ್ಟೆ. ನಮ್ದೂ ಒಂದ್ ಕರ ಬತ್ತದೆ ಇರು ಅಂದೆ."

ಕೊನೆಗೆ ಕೆಚ್ಚಲು ಬಾವು ಅಂದೆ. ಬುತ್ತಿ ಕೆಳಗಿಟ್ಟು ಅವಳು ನನಗಿಂತ ಮುಂದೆ ಓಡಿದಳು. ಅವಳಿಗೆ ಇವತ್ತಿನ ಕೂಲಿ ಹೋಯಿತು. ಹಸು ಅವಳ ದನಿ ಕೇಳಿದ್ದೇ ಕತ್ತು ನೀಡಿತು. ಬಿಸಿನೀರಿನ ಬಟ್ಟೆ ಇಟ್ಟು, ತಲ್ಲೀ ತಲ್ಲೀ ಅನ್ನುತ್ತಾ ಒಂದು ಗಂಟೆ ಕೂತು ಒಡೆದ ಹಾಲನ್ನೆಲ್ಲ ಹಿಂಡಿದಳು. ಡಾಕ್ಟರು ಬಂದು ಇಂಜೆಕ್ಷನ್ ಕೊಟ್ಟು, ಸರಿಯಾದ ಹೊತ್ತಿಗೆ ಹಿಂಡಿದ್ದೀರಿ, ಮೊಲೆ ಉಳಿಯುತ್ತದೆ ಎಂದರು. ಮುತ್ಯಾಲಮ್ಮನಿಗೆ ಊಟ ಮಾಡಿಕೊಂಡು ಹೋಗು ಅಂದರೆ "ಬುತ್ತಿ ಐತೆ" ಅಂದಳು.

ಎಂಥ ಸೊಕ್ಕಿನ ಹೆಂಗಸು. ಹದಿನೆಂಟು ತಿಂಗಳು! ದಿನಕ್ಕೆ ಎರಡು ಹೊತ್ತು ಹಾಲು ಕರೆದು, ಕೈ ತೊಳೆದುಕೊಂಡು, ಕಪ್ಪು ಟೀ ಕುಡಿದಿದ್ದಾಳೆ. ಒಂದು ಸಲ ಬಾಯಿ ಬಿಟ್ಟು ಕೇಳಬಾರದಿತ್ತಾ? ಕೇಳಿದ್ದರೆ ಅವತ್ತೇ ಇತ್ಯರ್ಥ ಆಗುತ್ತಿತ್ತು. ಅವಳ ಮೇಲೆ ಎಷ್ಟು ಕೋಪ ಬಂದಿದೆಯೆಂದರೆ ಕಣ್ಣಲ್ಲಿ ನೀರು ಬರುತ್ತಿದೆ.

೯ ಸೆಪ್ಟೆಂಬರ್, ಮಂಗಳವಾರ

ಮುತ್ಯಾಲಮ್ಮ ಬೆಳಿಗ್ಗೆ, ಸಂಜೆ ಬಂದು ಹಿಂಡಿ ಹೋದಳು. ಬಾವು ಇಳಿದಿದೆ. ನಾನು ಕಾಫಿಗೆ ಹಾಲು ಹಾಕಿಕೊಳ್ಳಲು ಹೋಗಿ, ಹಾಕದೆ ಕಪ್ಪಗೇ ಕುಡಿದೆ. ಬಿ.ಪಿ. ಜಾಸ್ತಿ ಎಂದು ಡಾಕ್ಟರಮ್ಮ ಹೇಗೂ ಹಾಲು ಕಮ್ಮಿ ಮಾಡಿ ಅಂದಿದ್ದರು.

೧೧ ಸೆಪ್ಟೆಂಬರ್, ಗುರುವಾರ

ಕದಿರಮ್ಮ ಬಂದಿದ್ದಳು. "ಬೇತಮಂಗಲದಾಗೆ ಒಬ್ರು ಕರ ಕೇಳ್ತವ್ರೆ. ಮಾರಿ ನಾಕ್ ಭಾಗ ಮಾಡ್ಕೊಂಡ್ಬುಡಾನ, ಆ ಹೆಂಗ್ಸಿನ ರಗಳೇನೂ ತಪ್ತದೆ" ಅಂದಳು. ಭಾನುವಾರ ಎಲ್ಲರೂ ಸೇರಿ ತೀರ್ಮಾನ ಮಾಡುವುದೆಂದು ಆಯಿತು. ಅವಳು ಮುತ್ಯಾಲಮ್ಮನನ್ನು "ಆ ಹೆಂಗ್ಸು" ಅಂದದ್ದು ಯಾಕೋ ನನಗೆ ಸರಿ ಬರಲಿಲ್ಲ. ಹೆಸರಿಲ್ಲವಾ ಅವಳಿಗೆ?

ಈಗ ಮಧ್ಯಾಹ್ನ ಎರಡು ಗಂಟೆ. ಮನೆಯಲ್ಲಿ ಯಾರೂ ಇಲ್ಲ. ಆಗಸ್ಟ್ ಇಪ್ಪತ್ತಮೂರನೆಯ ತಾರೀಖಿನ ಪುಟದಲ್ಲಿ ನಾನು ಬರೆದದ್ದು ಸುಳ್ಳು.

ಪೂರ್ತಿ ಸುಳ್ಳಲ್ಲ. ನಾನು ಬಾಯಲ್ಲಿ ಅಂದದ್ದು ಪಾಲು, ಮನಸ್ಸಿನಲ್ಲಿದ್ದದ್ದು ಹಾಲು, ಅದು ಸತ್ಯ. ಆದರೆ ಮುತ್ಯಾಲಮ್ಮ ಬರೀ ತಲೆ ಆಡಿಸಲಿಲ್ಲ. ಒಂದು ಗಳಿಗೆ ನನ್ನ ಮುಖ ನೋಡಿ, ನನ್ನ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಳು. ಖಾಲಿ ಸಿಮೆಂಟಿನ ಚೀಲ ಜೋಡಿಸಿಟ್ಟಿದ್ದ ಆ ಕೊಟ್ಟಿಗೆಯನ್ನು ಅವತ್ತೇ ಗುಡಿಸಲು ಶುರು ಮಾಡಿದಳು. ಅರ್ಧ ಲೀಟರ್ ಹಾಲಿಗೆ ಯಾರು ಕೈ ಕಣ್ಣಿಗೆ ಒತ್ತಿಕೊಳ್ಳುತ್ತಾರೆ?

ನನಗೆ ಅವತ್ತೇ ಗೊತ್ತಾಯಿತು. ಸುಮಿತಾಗೆ ಗೊತ್ತಾಗಲಿಲ್ಲ, ಅವಳ ತಮಿಳಿನಲ್ಲಿ ಪಾಲು ಅಂದರೆ ಹಾಲು ಒಂದೇ. ನನಗೆ ಗೊತ್ತಾಯಿತು. ಸರಿ ಮಾಡಲು ಬಾಯಿ ತೆರೆದೆ. ಸರಿ ಮಾಡಿದರೆ ಹಸು ಕಟ್ಟಲು ಒಪ್ಪುವುದಿಲ್ಲವೇನೋ ಅನ್ನಿಸಿತು, ಹಸು ತರುವ ಗಾಡಿಗೆ ಮುಂಗಡ ಬೇರೆ ಕೊಟ್ಟಾಗಿತ್ತು. ಆಮೇಲೆ ಹೇಳಿದರಾಯಿತು ಎಂದುಕೊಂಡೆ. ಆಮೇಲೆ ಮರೆತೆ. ಮರೆಯಲಿಲ್ಲ, ಮರೆತವಳ ಹಾಗೆ ಇದ್ದೆ. ಡೈರಿ ಮುಂದೆ ಅವಳು "ನೀನೇ ಏಳಕ್ಕ" ಅಂದಾಗ ಇದೇ ಕಣ್ಣ ಮುಂದೆ ಬಂತು. ಆದರೂ ಹಾಲು ಅಂದೆ.

ಥೂ ನನ್ನ ಜನ್ಮಕ್ಕೆ.

೧೪ ಸೆಪ್ಟೆಂಬರ್, ಭಾನುವಾರ

ಎಲ್ಲರೂ ಬಂದರು. ಮುತ್ಯಾಲಮ್ಮನಿಗೂ ಹೇಳಿಕಳಿಸಿದ್ದೆ. ಅವಳು ಜಗಲಿ ಹತ್ತಲಿಲ್ಲ, ಹಸುವಿನ ಪಕ್ಕ ನಿಂತುಕೊಂಡಳು. ಕದಿರಮ್ಮ ಬೇತಮಂಗಲದ ಗಿರಾಕಿಯ ಮಾತು ತೆಗೆದಳು. ನಾನು ನಡುವೆ ಬಾಯಿ ಹಾಕಿ, ಚೀಟಿ ಐದು ಬರೆಯಬೇಕು ಅಂದೆ.

"ಯಾಕಂತೆ?" ಕದಿರಮ್ಮ ಎದ್ದು ನಿಂತಳು.

ಹೇಳಿದೆ. ಕೈ ಕಣ್ಣಿಗೆ ಒತ್ತಿಕೊಂಡದ್ದು, ನನಗೆ ಅರ್ಥವಾಗಿದ್ದು, ಸುಮ್ಮನಿದ್ದದ್ದು, ಎಲ್ಲ ಹೇಳಿದೆ. ಕಪ್ಪು ಟೀ ವಿಷಯವನ್ನೂ ಹೇಳಿದೆ. ಹೇಳುವಾಗ ನನ್ನ ದನಿ ಬಯ್ಯುವವಳ ಹಾಗೇ ಇತ್ತು, ಬೇರೆ ದನಿ ನನಗೆ ಬರುವುದಿಲ್ಲ. ಸುಮಿತಾ ಮುಖ ಸಣ್ಣದು ಮಾಡಿಕೊಂಡು, "ಅಯ್ಯೋ ಅಕ್ಕಾ, ಪಂಗು, ಭಾಗ ಅಂತಾನಾ ಅದು? ಪಾಲುನ್ನಾ ಪಂಗೂ ಆಗುತ್ತಾ? ನಾನು ಊರೆದುರಿಗೆ ಸಾಕ್ಷಿ ಹೇಳ್ಬಿಟ್ಟೆನಲ್ಲಾ" ಎಂದು ಅಳುವುದಕ್ಕೇ ಶುರು ಮಾಡಿದಳು.

ಕದಿರಮ್ಮ ಬಿಡಲಿಲ್ಲ. "ಮಾತು ಕೊಟ್ಟೋಳು ನೀನು. ನಮ್ಮನ್ ಕೇಳಿದ್ಯಾ? ಕೊಡಂಗಿದ್ರೆ ನಿನ್ ಪಾಲ್ನಾಗೆ ಕೊಡು. ನಿನ್ ಚೀಟಿ ಅವ್ಳಿಗೆ ಬಿಟ್ಕೊಟ್ಬುಡು."

"ಬಿಟ್‌ಕೊಡ್ತೀನಿ ಕಣೇ" ಅಂದೆ. ಬಾಯಿಂದ ಬಂದುಬಿಟ್ಟಿತು. ಅಂದಮೇಲೆ ಕರುವಿನ ಹಣೆಯ ಚುಕ್ಕೆಯ ಮೇಲೇ ಕಣ್ಣು ಹೋಯಿತು, ಸುಳ್ಳು ಯಾಕೆ ಬರೆಯಲಿ.

ಚಿಕ್ಕವೆಂಕಟಮ್ಮ ಅಷ್ಟು ಹೊತ್ತು ಎಲೆ ಅಡಿಕೆ ಜಗಿಯುತ್ತಾ ಕೂತಿದ್ದಳು. "ನಾವು ದುಡ್ಡು ಹಾಕಿದ್ದು ಒಂದ್ ದಿನ. ಅವ್ಳು ಹದ್ನೆಂಟ್ ತಿಂಗಳು ಹಾಕವ್ಳೆ. ಶಶಿರೇಖಮ್ಮನ್ ಚೀಟಿ ಯಾಕ್ ಕೀಳ್ತೀಯಾ ಕದ್ರಿ? ಐದು ಬರೀ ಸುಮಿತಾ. ಬ್ಯಾಡ ಅನ್ನೋರು ಆ ಸಗಣಿ ಎತ್ತಿ ಆಮೇಲೆ ಮಾತಾಡ್ಲಿ" ಅಂದಳು. ಯಾರೂ ಎದ್ದು ಸಗಣಿಯ ಕಡೆ ಹೋಗಲಿಲ್ಲ. ಕದಿರಮ್ಮ ಸೆರಗು ಕೊಡವಿ ಕೂತಳು.

ಸುಮಿತಾ ಐದು ಬರೆದಳು. ಮಡಚುವುದಕ್ಕೆ ಮುಂಚೆ ಮುತ್ಯಾಲಮ್ಮ ಜಗಲಿ ಹತ್ತಿರ ಬಂದಳು. "ಒಂದೊಂದೇ ಓದಮ್ಮ" ಅಂದಳು. ನಾನು ಓದಲೆಂದು ಕೈ ಚಾಚಿದೆ. "ನೀನ್ ಬ್ಯಾಡ. ಆ ಅಮ್ಮಣ್ಣಿ ಓದ್ಲಿ" ಅಂದಳು. ಸುಮಿತಾ ಐದು ಹೆಸರೂ ಗಟ್ಟಿಯಾಗಿ ಓದಿದಳು. ತನ್ನ ಹೆಸರಿನದನ್ನು ಮುತ್ಯಾಲಮ್ಮ ಕೈಗೆ ತೆಗೆದುಕೊಂಡು, ಓದು ಬರದಿದ್ದರೂ ಹಿಂದೆ ಮುಂದೆ ನೋಡಿ, ತಾನೇ ಮಡಚಿ ಚೊಂಬಿಗೆ ಹಾಕಿದಳು.

ಎದುರುಮನೆಯ ಮಗುವಿನ ಕೈಯಲ್ಲಿ ಎತ್ತಿಸಿದೆವು. ಬಂದದ್ದು ಕದಿರಮ್ಮನ ಹೆಸರು. ಇಷ್ಟು ಹೊತ್ತು ಕರು ಮಾರಬೇಕೆಂದು ಕುಣಿದವಳು ಈಗ ಕರುವಿನ ಹಣೆ ಸವರಿ "ನನ್ ಕಂದ" ಅಂದಳು. ಮೂತಿಗೆ ತಿವಿಯಬೇಕು ಅನ್ನಿಸಿತು.

ಮುತ್ಯಾಲಮ್ಮ ಚೊಂಬು ಬೋರಲು ಹಾಕಿ, ಮಿಕ್ಕ ನಾಲ್ಕು ಚೀಟಿಯಲ್ಲಿ ತನ್ನದು ಯಾವುದೆಂದು ಸುಮಿತಾಳಿಂದ ಕೇಳಿ, ಅದನ್ನು ಎಲೆ ಅಡಿಕೆ ಚೀಲದಲ್ಲಿ ಹಾಕಿಕೊಂಡಳು. ಅವಳ ಮುಖದಲ್ಲಿ ಸೋತವಳ ಕಳೆ ಇರಲಿಲ್ಲ. ನಾಳೆಯಿಂದ ಹಸು ಮತ್ತೆ ಅವಳ ಕೊಟ್ಟಿಗೆಗೆ, ದಿನಾ ಒಂದು ಲೀಟರ್ ಹಾಲು ಅವಳ ಮನೆಗೆ, ಮುಂದಿನ ಕರುಗಳಲ್ಲಿ ಅವಳಿಗೂ ಪಾಲು ಎಂದು ಸಂಘದ ಪುಸ್ತಕದಲ್ಲಿ ಬರೆದಾಯಿತು. ಹಾಲು, ಪಾಲು ಎರಡನ್ನೂ ಕನ್ನಡದಲ್ಲೇ ಬರೆದಿದ್ದಾಳೆ ಸುಮಿತಾ.

೧೫ ಸೆಪ್ಟೆಂಬರ್, ಸೋಮವಾರ

ಬೆಳಿಗ್ಗೆ ಹಸು, ಕರು ಎರಡನ್ನೂ ಹೊಡೆದುಕೊಂಡು ನಾನೇ ಬಿಟ್ಟುಬಂದೆ. ಕರು ತಾಯಿ ಹಾಲು ಬಿಡುವ ತನಕ ಅಲ್ಲೇ ಇರುತ್ತದೆ. ಹಸು ಆ ಕೊಟ್ಟಿಗೆ ಕಂಡದ್ದೇ ಹಗ್ಗ ಜಗ್ಗಿ ನನ್ನನ್ನು ಎಳೆದುಕೊಂಡೇ ಹೋಯಿತು. ಇಪ್ಪತ್ತು ದಿನ ಹುಲ್ಲು ತಿನ್ನಿಸಿದವಳ ಕಡೆ ತಿರುಗಿಯೂ ನೋಡಲಿಲ್ಲ. ತಗಡಿನ ಕೆಳಗೆ ಈಗ ಮತ್ತೆ ಬೈಕು ನಿಲ್ಲಿಸಬಹುದು. ಸೊಂಟಕ್ಕೂ ಆರಾಮ.

ಮುತ್ಯಾಲಮ್ಮ ಗೂಟಕ್ಕೆ ಕಟ್ಟಿ, ಕೆಚ್ಚಲು ಮುಟ್ಟಿ ನೋಡಿ, ಒಳ್ಳೇದು ಅನ್ನುವ ಹಾಗೆ ತಲೆ ಆಡಿಸಿದಳು. ನನಗೆ ಅಲ್ಲಿಂದ ಸುಮ್ಮನೆ ಬರಲು ಆಗಲಿಲ್ಲ. ಹತ್ತಿರ ಹೋಗಿ ಅವ್ವ ಮಾತಾಡುತ್ತಿದ್ದ ಹಾಗೆ ಮೆತ್ತಗೆ, "ಬಾಧಪಡೊದ್ದು ಮುತ್ಯಾಲಮ್ಮ, ಇಂಕೋಸಾರಿ ನೀಕೇ" ಅಂದೆ. ಬೇಜಾರು ಮಾಡ್ಕೋಬೇಡ, ಮುಂದಿನದು ನಿನಗೇ ಎಂದು. ಹಾಗೆ ಮೆತ್ತಗೆ ನಾನು ನನ್ನ ಮಕ್ಕಳ ಹತ್ತಿರವೂ ಮಾತಾಡಿದವಳಲ್ಲ.

ಅವಳು ಹುಲ್ಲು ಉದುರಿಸುತ್ತಿದ್ದ ಕೈ ನಿಲ್ಲಿಸಿದಳು.

"ಇನ್ಮ್ಯಾಕೆ ನನ್ನತ್ರ ಕನ್ನಡ್ದಾಗೇ ಮಾತಾಡಕ್ಕ" ಅಂದಳು. "ಅದ್ರಾಗೆ ಆಲು ಆಲೇ, ಪಾಲು ಪಾಲೇ."

ಬಯ್ದಿದ್ದರೆ ಬಯ್ಯುತ್ತಿದ್ದೆ. ಅವಳು ಬಯ್ಯಲಿಲ್ಲ. ಬಾಯಿಗೆ ತೆಲುಗಿನ "ಸರೇ" ಬಂದಿತ್ತು, ನುಂಗಿಕೊಂಡು "ಆಯ್ತು" ಅಂದೆ.